ಮಳೆ ಕಡಿಮೆ, ಕೊಚ್ಚಣೆ ಹೆಚ್ಚು

ಕಾಸರಗೋಡಿನ ವಿದ್ಯಾನಗರದ ಸುತ್ತಮುತ್ತ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಬಳ್ಳಾರಿಯಲ್ಲಿ ಸುಮಾರು 500. ಹಾಗಾದರೆ ಮಣ್ಣು ಹೆಚ್ಚು ಕೊಚ್ಚಿಹೋಗುವುದು ಕಾಸರಗೋಡಿನಲ್ಲೇ ಅಂದುಕೊಳ್ಳುತ್ತೇವೆ. ಆದರೆ 1958ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಲ್ಯಾಂಗ್‌ಬೈನ್ ಮತ್ತು ಶುಮ್ ನದಿಗಳ ಹೂಳನ್ನು ಮಳೆಯೊಂದಿಗೆ ಹೋಲಿಸಿದಾಗ, ಅದು ಅತಿ ಹೆಚ್ಚು ಕಂಡದ್ದು ಅರೆಒಣ ಸೀಮೆಯಲ್ಲಿ. ಮರುಭೂಮಿಯಲ್ಲಿ ಮಣ್ಣು ಹೊತ್ತೊಯ್ಯಲು ನೀರಿಲ್ಲ. ಮಳೆನಾಡಿನಲ್ಲಿ ಹಸಿರು ಹೊದಿಕೆ ಅದನ್ನು ಹಿಡಿದಿಡುತ್ತದೆ. ಆ ಲೆಕ್ಕ ಅಮೆರಿಕದ್ದು, ಎಲ್ಲೆಡೆ ಹಾಗೇ ಕೂಡಬೇಕೆಂದಿಲ್ಲ. ಕಾರಣವಂತೂ ನಮಗೂ ಒಪ್ಪುತ್ತದೆ. ಬಳ್ಳಾರಿಯ ಎರೆಭೂಮಿಯಲ್ಲಿ ಬಿತ್ತನೆ ಹೆಚ್ಚಾಗಿ ಹಿಂಗಾರಿಗೆ. ಹಾಗಾಗಿ ಮುಂಗಾರಿನ ಬಿರುಮಳೆ ಬೀಳುವುದು ಬರಿಯ ಹೊಲದ ಮೇಲೆ.

ಬದು ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಕೆಂಪುಮಣ್ಣಿಗೆ ಸಮಪಾತಳಿ ಬದು ಒಗ್ಗುತ್ತದೆ, ನಿಜ. ಆದರೆ ಎರೆಮಣ್ಣು ನೀರನ್ನು ನಿಧಾನವಾಗಿ ಇಂಗಿಸಿಕೊಳ್ಳುತ್ತದೆ. ಬದುವಿನ ಹಿಂದೆ ನೀರು ನಿಂತು ಬೆಳೆ ಕೆಡುತ್ತದೆ. ಬೇಸಿಗೆಯಲ್ಲಿ ಬಿರಿದ ಬದು ಮುಂದಿನ ಮಳೆಗೆ ಒಡೆದು, ಇಡೀ ಹೊಲವನ್ನೇ ಕೊರೆಯುತ್ತದೆ. ಅಲ್ಲಿ ಬೇಕಾದದ್ದು ಹೆಚ್ಚುವರಿ ನೀರನ್ನು ಮೆಲ್ಲನೆ ಸಾಗಹಾಕುವ ಇಳಿಜಾರು ಬದು. ಬಳ್ಳಾರಿಯಲ್ಲಿ 1954ರಿಂದಲೂ ಮಣ್ಣು ಸಂರಕ್ಷಣೆಗೆಂದೇ ಸಂಶೋಧನಾ ಕೇಂದ್ರವಿರುವುದು ಸುಮ್ಮನೆ ಅಲ್ಲ.

ಹಾಗೆಂದು ಕಾಸರಗೋಡು ನಿಶ್ಚಿಂತವಾಗಿರುವಂತಿಲ್ಲ. ನಮ್ಮನ್ನು ಕಾಯುತ್ತಿರುವುದು ಹೊದಿಕೆಯೇ ಹೊರತು ಮಳೆಯಲ್ಲ. ಜೆಸಿಬಿ ಗುಡ್ಡದ ಹಸಿರನ್ನು ಕೆರೆದು ತೆಗೆದಲ್ಲಿ, ಬಳ್ಳಾರಿಯ ಏಳು ಪಟ್ಟು ಮಳೆ ಬತ್ತಲೆ ಮಣ್ಣಿನ ಮೇಲೆ ಸುರಿಯುತ್ತದೆ.