ಒಲ್ಲದ ಬೆಕ್ಕಿಗೆ ಔಷಧ



ಬೆಕ್ಕಿಗೆ ಔಷಧ ಕೊಡುವುದು ಒಂದು ಭಾಷಣಕ್ಕೆ ತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಆದರೆ ಈ ಕಾರ್ಯವನ್ನು ಒಮ್ಮೆ ಕೈಗೆತ್ತಿಕೊಂಡವರು ಹಾಗೆನ್ನಲಾರರು. ಮೂರು ಕಿಲೋ ತೂಕವಿಲ್ಲದ ಪ್ರಾಣಿಯೊಂದು, ಅರ್ಧ ಮಾತ್ರೆಯ ಕಾರಣದಿಂದ, ಓದುಬರಹ ಬಲ್ಲ ನಾಲ್ವರಿರುವ ಮನೆಯನ್ನು ಅಲ್ಲೋಲಕಲ್ಲೋಲ ಮಾಡಬಲ್ಲುದು. ಕೊನೆಗೆ ಮಾತ್ರೆಯು ಮಂಚದ ಕೆಳಗೂ, ಬೆಕ್ಕು ಅಟ್ಟದ ಮೇಲೂ ಇದ್ದು, ಔಷಧ ಕೊಡಹೋದವರು ತಮ್ಮ ಗಾಯಕ್ಕೆ ಟಿಂಕ್ಚರನ್ನು ಹುಡುಕುತ್ತಿರುವರು. ನಗೆಯ ವಿಷಯವೇ ಸರಿ. ಆದರೆ ಆ ಅರ್ಧ ಮಾತ್ರೆ ಹೊಟ್ಟೆಗೆ ಹೋಗದಿದ್ದರೆ ಸಾಯುವುದು ಬೆಕ್ಕು. ತಪ್ಪು ಮಾತ್ರೆ ಹೋದರೂ ಸಾಯುವುದು ಅದೇ. ಆದಕಾರಣ ಈ ಹೊತ್ತು ಇದನ್ನು ತುಸು ಗಂಭೀರವಾಗಿಯೇ ವಿಚಾರ ಮಾಡೋಣ.

ನಮ್ಮ ರಾಯಚೂರಿನ ಕೋಟೆಗಾಗಿ 1520ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೊಡನೆ ಕಾದಿ ಗೆದ್ದ ಕೃಷ್ಣದೇವರಾಯನ ಹೆಸರಿನೊಡನೆ ಒಂದು ಬೆಕ್ಕಿನ ಕಥೆಯೂ ಅಂಟಿಕೊಂಡಿದೆ. ಅದು ಚರಿತ್ರೆಯಲ್ಲ, ಜನ ಹೇಳಿಕೊಂಡು ಬಂದದ್ದು. ರಾಜಧಾನಿಯಲ್ಲಿ ಇಲಿಗಳ ಕಾಟ ಹೆಚ್ಚಲು, ರಾಯನು ಮನೆಗೊಂದು ಬೆಕ್ಕನ್ನೂ ಅದರ ಹಾಲಿಗಾಗಿ ಒಂದು ಹಸುವನ್ನೂ ಕೊಡಿಸಿದನಂತೆ. ತೆನಾಲಿ ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆಂದೂ ಹಾಲಿನ ಬಟ್ಟಲಿನ ಹತ್ತಿರ ಸುಳಿಯಲಿಲ್ಲ. ಹಾಲೆಲ್ಲ ಕವಿಯ ಪಾಲಾಯಿತು. ನಾವು ಈ ಕಥೆಯನ್ನು ಕವಿಯ ಜಾಣತನಕ್ಕಾಗಿ ಹೇಳುತ್ತೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ಅದರಲ್ಲಿ ಬೇರೊಂದು ಪಾಠವಿದೆ: ಒಮ್ಮೆ ನೋವು ಕೊಟ್ಟ ಬಟ್ಟಲನ್ನು ಬೆಕ್ಕು ಮರೆಯುವುದಿಲ್ಲ.

ವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 1955ರಲ್ಲಿ ಅಮೆರಿಕದ ಜಾನ್ ಗಾರ್ಸಿಯಾ ಮತ್ತು ಅವನ ಸಂಗಡಿಗರು ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರನ್ನು ಕೊಟ್ಟು, ಅದೇ ಸಮಯದಲ್ಲಿ ವಿಕಿರಣದಿಂದ ಅವುಗಳ ಮೈ ಕೆಡುವಂತೆ ಮಾಡಿದರು. ಆಮೇಲೆ ಆ ಇಲಿಗಳು, ಅಲ್ಲಿಯವರೆಗೆ ಇಷ್ಟಪಡುತ್ತಿದ್ದ ಸಿಹಿನೀರನ್ನೇ ತೊರೆದುಬಿಟ್ಟವು. ಸಂಕಟವನ್ನು ರುಚಿಯೊಡನೆ ಗಂಟುಹಾಕಿ ನೆನಪಿಡುವ ಈ ಗುಣ ಬೆಕ್ಕಿನಲ್ಲಿಯೂ ಉಂಟು. ಆದುದರಿಂದಲೇ ಕಹಿ ಮಾತ್ರೆಯನ್ನು ಪುಡಿಮಾಡಿ ಇಡೀ ಬಟ್ಟಲಿನ ಅನ್ನಕ್ಕೆ ಬೆರೆಸುವ ನಮ್ಮ ಮೊದಲ ಉಪಾಯವೇ ಅನೇಕ ವೇಳೆ ಕೆಡುಕಿನದಾಗುತ್ತದೆ. ಔಷಧವೂ ಹೋಗುವುದಿಲ್ಲ, ಬೆಕ್ಕು ಆಹಾರವನ್ನೂ ಬಿಡುತ್ತದೆ. ಜೇನುತುಪ್ಪದಲ್ಲಿಯೋ ಬೆಲ್ಲದ ನೀರಿನಲ್ಲಿಯೋ ಕಲಸಿದರಾಯಿತೆಂಬ ಆಸೆಯೂ ವ್ಯರ್ಥ. ಸಿಹಿಯನ್ನು ಗುರುತಿಸಲು ಬೇಕಾದ ಒಂದು ಜೀನು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಪ್ರಕಟವಾಯಿತು. ನಮ್ಮ ಮಕ್ಕಳನ್ನು ಒಲಿಸುವ ಬೆಲ್ಲ ಬೆಕ್ಕಿಗೆ ಏನೂ ಅಲ್ಲ. ಕಹಿ ಮಾತ್ರ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲದಲ್ಲಿ, ಕಾಲುವೆಯ ನೀರು ಬಂದ ಮೇಲೆ, ಮಾನ್ವಿಯ ಕಡೆ ಬತ್ತವೂ ಅಕ್ಕಿ ಗಿರಣಿಗಳೂ ಹೆಚ್ಚಿದವು. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಗಿರಣಿಯ ಬೆಕ್ಕು ಯಾರ ಮುದ್ದಿನ ಪ್ರಾಣಿಯೂ ಅಲ್ಲ, ಸಂಬಳವಿಲ್ಲದ ನೌಕರ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಾನ್ವಿಯ ಒಂದು ಗಿರಣಿಯ ಚೀಲಗಳ ಹಿಂದೆ, ನಾಯಿ ಕಚ್ಚಿ ಬೆನ್ನಿನ ಗಾಯ ಕೀವುಗಟ್ಟಿದ ಬೆಕ್ಕೊಂದು ಬಿದ್ದಿದೆ. ಯಾರೋ ಕರುಣೆಯುಳ್ಳವರು ಅದನ್ನು ಮನೆಗೆ ತಂದರು. ಆ ಬೆಕ್ಕಿಗೆ ಇವರು ಉಪಕಾರಿಗಳೆಂಬುದು ತಿಳಿಯದು. ಮರಿಯಾಗಿದ್ದಾಗ, ಎರಡನೆಯ ವಾರದಿಂದ ಏಳನೆಯ ವಾರದೊಳಗೆ, ಮನುಷ್ಯರ ಕೈಯಲ್ಲಿ ಆಡಿ ಬೆಳೆದ ಬೆಕ್ಕಿಗೆ ಮನುಷ್ಯರ ಮೇಲೆ ಭರವಸೆ ಸುಲಭವಾಗಿ ಹುಟ್ಟುತ್ತದೆ. ಆ ಕಾಲವನ್ನು ಚೀಲಗಳ ಸಂದಿಯಲ್ಲಿ ಕಳೆದ ಬೆಕ್ಕಿಗೆ, ತನ್ನ ಬಾಯಿಯನ್ನು ತೆರೆಯಲು ಬಂದ ಕೈ ಶತ್ರುವಿನ ಕೈಯೇ. ಅದರ ಪ್ರತಿಭಟನೆಯನ್ನು ಕೃತಘ್ನತೆಯೆಂದು ಕರೆಯುವುದು ನ್ಯಾಯವಲ್ಲ.

ಇಲ್ಲಿ ಮೊದಲು ಬರುವ ಅಪಾಯ ನಮ್ಮ ಕರುಣೆಯಿಂದಲೇ ಬರುವುದು. ಬೆಕ್ಕಿನ ಮೈ ಬಿಸಿಯಾಗಿದೆ, ನರಳುತ್ತಿದೆ. ಮನೆಯ ಗೂಡಿನಲ್ಲಿ ಜ್ವರದ ಮಾತ್ರೆ ಇದೆ. ಕಾಲುಭಾಗ ಕೊಟ್ಟರೆ ಏನಾದೀತು? ಪ್ರಾಣ ಹೋದೀತು. ನಾವು ದಿನವೂ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಮನುಷ್ಯನ ಪಿತ್ತಜನಕಾಂಗವು ಈ ವಸ್ತುವನ್ನು ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಕೆಲಸವನ್ನು ಮಾಡುವ ಕಿಣ್ವ ಸರಿಯಾಗಿಲ್ಲ. ಉಳಿದ ವಸ್ತು ನೆತ್ತರಿನ ಕೆಂಪು ಕಣಗಳನ್ನು ಕೆಡಿಸಿ, ಅವು ಪ್ರಾಣವಾಯುವನ್ನು ಹೊರಲಾರದಂತೆ ಮಾಡುತ್ತದೆ. ವಸಡು ಕಂದು ಅಥವಾ ನೀಲಿಯಾಗುವುದು, ಮುಖವೂ ಪಂಜಗಳೂ ಬಾಯುವುದು, ಏದುಸಿರು ಬರುವುದು ಇದರ ಲಕ್ಷಣಗಳು. 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಳೆದ ಬೆಕ್ಕನ್ನು ಕೊಲ್ಲಲು ಸಾಕು. ಅದರ ಚೂರೂ ಕ್ಷೇಮವಲ್ಲ. ಇದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತ್ಯೌಷಧ ಉಂಟು, ಆದರೆ ಅದು ಕೆಲವೇ ಗಂಟೆಗಳೊಳಗೆ ಸಿಕ್ಕಬೇಕು. ಹಾಗೆಯೇ ನಾಯಿಯ ಉಣ್ಣೆ ಚಿಗಟಗಳಿಗೆಂದು ಮಾರುವ, ಪರ್ಮೆಥ್ರಿನ್ ಇರುವ ಔಷಧಗಳನ್ನು ಬೆಕ್ಕಿನ ಮೈಗೆ ಹಚ್ಚಲೇಬಾರದು. ಬೆಕ್ಕು ಸಣ್ಣ ಮನುಷ್ಯನಲ್ಲ, ಸಣ್ಣ ನಾಯಿಯೂ ಅಲ್ಲ.

ಆದುದರಿಂದ ಪಶುವೈದ್ಯರನ್ನು ಕಾಣತಕ್ಕದ್ದು. ಮಾನ್ವಿ ದೇವದುರ್ಗಗಳಲ್ಲಿ ಪಶು ಆಸ್ಪತ್ರೆಗಳಿವೆ. ಅಲ್ಲಿಗೆ ಬರುವ ರೋಗಿಗಳಲ್ಲಿ ಎತ್ತು, ಎಮ್ಮೆ, ಕುರಿಗಳದೇ ದೊಡ್ಡ ಸಂಖ್ಯೆ. ಬೆಕ್ಕನ್ನು ತೆಗೆದುಕೊಂಡು ಹೋದವರನ್ನು ಕಂಡು ಸಾಲಿನಲ್ಲಿ ನಿಂತ ರೈತರು ನಕ್ಕರೆ ನಗಲಿ. ಹೆಚ್ಚಿನ ಚಿಕಿತ್ಸೆಗೆ ಸುಮಾರು 50 ಕಿಲೋಮೀಟರು ದೂರದ ರಾಯಚೂರಿಗೆ ಬರಬೇಕಾದರೆ ಬಿಸಿಲಿನ ವಿಚಾರ ಮಾಡಬೇಕು. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಊರು ಇದು. ಗಾಳಿಯಾಡುವ ಬುಟ್ಟಿ, ಒಳಗೆ ಒದ್ದೆ ಮಾಡಿ ಹಿಂಡಿದ ಬಟ್ಟೆ, ಹೊತ್ತೇರುವ ಮುನ್ನಿನ ಬಸ್ಸು: ಇಷ್ಟು ಏರ್ಪಾಡಿರಲಿ. ನಾಯಿ ಬಾಯಿ ತೆರೆದು ತೇಕುವುದು ಸಹಜ. ಬೆಕ್ಕು ಹಾಗೆ ತೇಕಿದರೆ ಅಪಾಯವೆಂದು ತಿಳಿಯತಕ್ಕದ್ದು.

ವೈದ್ಯರ ಮುಂದೆ ನಾವು ಕೇಳಲು ಸಂಕೋಚಪಡುವ ಪ್ರಶ್ನೆಯೊಂದಿದೆ: “ಇದೇ ಔಷಧವನ್ನು ಬೇರೆ ರೂಪದಲ್ಲಿ ಕೊಡಬಹುದೆ?” ಮಾತ್ರೆಯ ಬದಲು ದ್ರವ, ದಿನಕ್ಕೆರಡು ಸಲದ ಬದಲು ಒಂದು ಸಲ, ಕೆಲವು ರೋಗಗಳಿಗೆ ಚುಚ್ಚುಮದ್ದು, ಕೆಲವು ಪರೋಪಜೀವಿಗಳಿಗೆ ಕತ್ತಿನ ಹಿಂಭಾಗದಲ್ಲಿ ಹಾಕುವ ಹನಿ: ಹೀಗೆ ಮಾರ್ಗಗಳಿರುವುದುಂಟು. ಮಾತ್ರೆಯನ್ನು ಪುಡಿಮಾಡಬಹುದೇ ಎಂಬುದನ್ನೂ ಕೇಳಿಕೊಳ್ಳಬೇಕು. ಎಲ್ಲ ಮಾತ್ರೆಗಳೂ ಪುಡಿಮಾಡತಕ್ಕವಲ್ಲ. ನೀರು ಬೆರೆಸಿ ಸಿದ್ಧಪಡಿಸುವ ಕೆಲವು ದ್ರವೌಷಧಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಯೇ ಇಡಬೇಕಾಗುವುದು. ನಮ್ಮ ಮೇ ತಿಂಗಳಿನಲ್ಲಿ ಕಿಟಕಿಯ ಬಳಿ ಇಟ್ಟ ಸೀಸೆಯನ್ನು ನಂಬುವಂತಿಲ್ಲ.

ಈಗ ಕೊಡುವ ಕ್ರಮ. ನಮ್ಮ ರೈತರು ದನಕ್ಕೆ ಔಷಧವನ್ನು ಬಿದಿರಿನ ಗೊಟ್ಟದಿಂದ ಹೊಯ್ಯುವರು. ಹಿಂದೆ ತಾಯಂದಿರು ಕೂಸಿಗೆ ಹರಳೆಣ್ಣೆಯನ್ನು ಒಳಲೆಯಿಂದ ಕುಡಿಸುತ್ತಿದ್ದರು. ಬೆಕ್ಕಿನ ವಿಷಯದಲ್ಲಿ ಗೊಟ್ಟದ ರೀತಿ ಸಲ್ಲದು, ಒಳಲೆಯ ತಾಳ್ಮೆ ಬೇಕು. ದ್ರವೌಷಧವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ತೆಗೆದುಕೊಂಡು, ಬಾಯಿಯ ಪಕ್ಕದಲ್ಲಿ, ಕೆನ್ನೆಗೂ ಹಲ್ಲಿಗೂ ನಡುವೆ ತುದಿಯನ್ನಿಟ್ಟು, ಸ್ವಲ್ಪಸ್ವಲ್ಪವಾಗಿ, ನುಂಗಲು ಬಿಡುವು ಕೊಡುತ್ತ ಹಾಕಬೇಕು. ಆಗ ತಲೆಯನ್ನು ಹಿಂದಕ್ಕೆ ಎತ್ತಬಾರದು. ಎತ್ತಿದರೆ ಔಷಧ ಶ್ವಾಸಕೋಶಕ್ಕೆ ಇಳಿದೀತು.

ಮಾತ್ರೆಗಾದರೆ ಇಬ್ಬರಿದ್ದರೆ ಒಳ್ಳೆಯದು. ಅಡಗಲು ಮಂಚ ಕಪಾಟುಗಳಿಲ್ಲದ ಸಣ್ಣ ಕೋಣೆಯಲ್ಲಿ, ಮೇಜಿನ ಮೇಲೆ, ಬೆಕ್ಕಿನ ಬೆನ್ನು ನಮ್ಮ ಕಡೆಗಿರುವಂತೆ ಕೂಡಿಸಬೇಕು. ದಪ್ಪ ಟವೆಲನ್ನೋ ಹಳೆಯ ಕೌದಿಯನ್ನೋ, ಗಾಯ ಒತ್ತದಂತೆ, ಕತ್ತಿನವರೆಗೆ ಸುತ್ತಿದರೆ ಉಗುರುಗಳು ಒಳಗೆ ಉಳಿಯುತ್ತವೆ. ಎಡಗೈಯನ್ನು ತಲೆಯ ಮೇಲಿನಿಂದ ತಂದು, ಹೆಬ್ಬೆರಳನ್ನೂ ನಡುಬೆರಳನ್ನೂ ಬಾಯಿಯ ಎರಡು ಮೂಲೆಗಳ ಹಿಂದೆ ಇಟ್ಟು, ಮೂಗು ಮೇಲ್ಮುಖವಾಗುವಂತೆ ಮೆಲ್ಲಗೆ ವಾಲಿಸಿದರೆ ಕೆಳದವಡೆ ತಾನಾಗಿ ಸಡಿಲವಾಗುತ್ತದೆ. ಬಲಗೈಯ ಒಂದು ಬೆರಳಿನಿಂದ ಮುಂದಿನ ಸಣ್ಣ ಹಲ್ಲುಗಳನ್ನು ಒತ್ತಿ, ಮಾತ್ರೆಯನ್ನು ನಾಲಗೆಯ ಬುಡದ ನಡುವೆ ಹಾಕಿ, ಬಾಯಿ ಮುಚ್ಚಿ, ಕೂಡಲೇ ತಲೆಯನ್ನು ಸಹಜ ಸ್ಥಿತಿಗೆ ತರಬೇಕು. ಬೆಕ್ಕು ಮೂಗನ್ನು ನೆಕ್ಕಿಕೊಂಡಿತೆಂದರೆ ಬಹುಮಟ್ಟಿಗೆ ನುಂಗಿದಂತೆ. ಎಲ್ಲವೂ ಸೇರಿ ಅರ್ಧ ನಿಮಿಷದ ಕೆಲಸ; ಅದಕ್ಕಿಂತ ಹೆಚ್ಚಾದರೆ ಕಾಳಗವಾಗುತ್ತದೆ. ಎರಡು ಸಲ ಸಾಗದಿದ್ದರೆ ಬಿಟ್ಟು, ಅರ್ಧ ಗಂಟೆಯ ಬಳಿಕ ನೋಡುವುದು ಲೇಸು.

ಮಾತ್ರೆ ಕಣ್ಮರೆಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಹಲವು ನಿಮಿಷ ಸಿಕ್ಕಿಕೊಂಡಿರಬಲ್ಲುದು. ಡಾಕ್ಸಿಸೈಕ್ಲಿನ್, ಕ್ಲಿಂಡಮೈಸಿನ್ ಎಂಬ ಔಷಧಗಳು ಹಾಗೆ ನಿಂತರೆ ಅಲ್ಲಿ ಹುಣ್ಣಾಗಿ, ನಾಳವೇ ಕಿರಿದಾಗಿ, ಬೆಕ್ಕು ಊಟ ಮಾಡಲಾರದೆ ಹೋಗುವುದುಂಟು. ಆದಕಾರಣ ಮಾತ್ರೆಯ ಹಿಂದೆಯೇ 5 ಮಿಲಿಲೀಟರಿನಷ್ಟು ನೀರನ್ನು ಸಿರಿಂಜಿನಿಂದ, ಮೇಲೆ ಹೇಳಿದಂತೆ ಕೆನ್ನೆಯ ಪಕ್ಕದಿಂದ, ಕೊಡತಕ್ಕದ್ದು; ಇಲ್ಲವೆ ಒಂದು ತುತ್ತು ಆಹಾರ ಕೊಡಬೇಕು. ಔಷಧದ ಕಹಿಗೆ ಬಾಯಿತುಂಬ ನೊರೆ ಬಂದರೆ ಗಾಬರಿ ಬೇಡ. ಕಹಿ ಹೋದ ಮೇಲೆ ಅದೂ ನಿಲ್ಲುತ್ತದೆ.

ಆಹಾರದೊಡನೆ ಕೊಡಬಹುದೆಂದು ವೈದ್ಯರು ಹೇಳಿದರೆ ಕಾಳಗವೇ ಬೇಡ. ಹಸಿದ ಹೊತ್ತಿನಲ್ಲಿ ಬೇಯಿಸಿದ ಕೋಳಿಯ ಅಥವಾ ಮೀನಿನ ಗೋಲಿಗಾತ್ರದ ಮೂರು ಉಂಡೆಗಳನ್ನು ಮಾಡಿ, ಮೊದಲನೆಯದನ್ನು ಬರಿದಾಗಿ, ಎರಡನೆಯದರಲ್ಲಿ ಮಾತ್ರೆಯನ್ನಿಟ್ಟು, ಕೂಡಲೇ ಮೂರನೆಯದನ್ನು ಬರಿದಾಗಿ ಕೊಡುವುದು. ಶಾಕಾಹಾರಿಗಳ ಮನೆಯಲ್ಲಿ ಬೆಣ್ಣೆಯ ಸಣ್ಣ ಉಂಡೆಯನ್ನು ಪ್ರಯತ್ನಿಸಬಹುದು. ಹಾಲು ಮಾತ್ರ ಕೇಳದೆ ಬೇಡ. ಅದರ ಸುಣ್ಣದ ಅಂಶವು ಟೆಟ್ರಾಸೈಕ್ಲಿನ್ ವರ್ಗದ ಔಷಧಗಳು ಮೈಗೆ ಹತ್ತದಂತೆ ತಡೆಯುತ್ತದೆ. ಇಷ್ಟಕ್ಕೂ ಒಲ್ಲದೆ ಹೋದರೆ, “ಉಪವಾಸವಿದ್ದರೆ ತಾನೇ ತಿಂದೀತು” ಎಂದು ಪಂತ ಹಿಡಿಯಬಾರದು. ಕೆಲವು ದಿನ ಊಟ ಬಿಟ್ಟ ಬೆಕ್ಕಿನ, ಅದರಲ್ಲಿಯೂ ಕೊಬ್ಬಿದ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸತಕ್ಕದ್ದು.

ಮನುಷ್ಯರ ಕ್ಷೇಮವನ್ನೂ ಹೇಳದೆ ಬಿಡುವಂತಿಲ್ಲ. ನಮ್ಮ ಉದಾಹರಣೆಯ ಬೆಕ್ಕು ನಾಯಿಯಿಂದ ಕಚ್ಚಿಸಿಕೊಂಡದ್ದು. ಅದರ ಮೈಯಲ್ಲಿ ರೇಬೀಸ್ ಇರಬಹುದೆಂದು ಎಣಿಸಿಯೇ ನಡೆಯಬೇಕು, ವೈದ್ಯರಿಗೂ ಮೊದಲೇ ಹೇಳಬೇಕು. ಔಷಧ ಕೊಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಾರದು. ಬೆಕ್ಕು ಕಚ್ಚಿದರೆ, ಪರಚಿ ನೆತ್ತರು ಬಂದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತಿ ಕಾಯುವುದು ಸಲ್ಲದು. ಲಕ್ಷಣ ತೋರಿದ ಮೇಲೆ ಈ ರೋಗದಿಂದ ಉಳಿದವರು ಇಲ್ಲವೆನ್ನುವಷ್ಟು ವಿರಳ. ತೋರುವ ಮುನ್ನ ಹಾಕಿಸಿಕೊಂಡ ಲಸಿಕೆ ಕಾಪಾಡುತ್ತದೆ. 1885ರಲ್ಲಿ ಪಾಶ್ಚರನು ತೋರಿಸಿಕೊಟ್ಟ ಈ ಉಪಾಯವನ್ನು ಸಂಕೋಚದಿಂದ ಬಿಟ್ಟು ಪ್ರಾಣ ಕಳೆದುಕೊಳ್ಳುವುದು ಅತ್ಯಂತ ಶೋಚನೀಯ.

ಹೇಳಿದಷ್ಟು ದಿನವೂ ಔಷಧ ನಡೆಯಬೇಕು. ಮೂರನೆಯ ದಿನ ಗಾಯ ಒಣಗಿದಂತೆ ಕಂಡರೂ ನಿಲ್ಲಿಸಬಾರದು. ನಿಲ್ಲಿಸುವುದನ್ನು ವೈದ್ಯರು ಹೇಳಲಿ. ಪ್ರತಿಸಲವೂ ಔಷಧದ ಬಳಿಕ ಅದರ ಮೆಚ್ಚಿನ ತುತ್ತೊಂದನ್ನು ಕೊಟ್ಟು, ಬೇಕಾದ ಕಡೆ ಹೋಗಗೊಡಬೇಕು. ಅದು ಮಲಗುವ ಸ್ಥಳದಿಂದ ಎಳೆದು ತರಬಾರದು, ಉಣ್ಣುವ ಸ್ಥಳದಲ್ಲಿ ಹಿಡಿಯಬಾರದು. ಆ ಎರಡು ಜಾಗಗಳಾದರೂ ಅದಕ್ಕೆ ನಿರ್ಭಯವಾಗಿರಲಿ. ರೋಗ ವಾಸಿಯಾದ ಮೇಲೆ ಅದಕ್ಕೂ ರೇಬೀಸ್ ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆಯ ಬಗ್ಗೆ ವಿಚಾರಿಸಿದರೆ, ಮುಂದಿನ ಎಷ್ಟೋ ಮರಿಗಳ ಸಂಕಟ ತಪ್ಪುವುದು.

ಗುಣವಾದ ಬೆಕ್ಕು ಮನೆಯಲ್ಲಿ ಉಳಿದೀತು, ಇಲ್ಲವೆ ಗಿರಣಿಯ ಚೀಲಗಳ ಬಳಿಗೇ ಮರಳೀತು. ಎಲ್ಲಿದ್ದರೂ ಅದಕ್ಕೆ ಮತ್ತೊಮ್ಮೆ ರೋಗ ಬಾರದೆ ಇರದು, ನಾವು ಮತ್ತೊಮ್ಮೆ ಅದರ ಬಾಯಿ ತೆರೆಯಬೇಕಾಗಿ ಬಾರದೆ ಇರದು. ಈ ಸಲ ಬಲವನ್ನು ಮಿತವಾಗಿ ಬಳಸಿದ್ದರೆ ಮುಂದಿನ ಸಲ ಅದು ನಮ್ಮ ಕೈಗೆ ಸಿಕ್ಕೀತು, ಸಿಕ್ಕಿದರೆ ಬದುಕೀತು. ಅರ್ಧ ನಿಮಿಷದ ಈ ಕೆಲಸವನ್ನು ಇಷ್ಟು ಎಚ್ಚರದಿಂದ ಮಾಡಬೇಕೆನ್ನುವುದಕ್ಕೆ ಕಾರಣ ಇದೇ.