ಟಿಕೆಟ್ ಇಲ್ಲದ ಕಡಲು



ಇವತ್ತು ನಾನು ಮಾತಾಡಬೇಕೆಂದಿರುವುದು ನ್ಯೂಯಾರ್ಕಿನ ಬ್ರೂಕ್ಲಿನ್ ತುದಿಯಲ್ಲಿರುವ ಕೋನಿ ಐಲೆಂಡ್ ಎಂಬ ಊರಿನ ಬಗ್ಗೆ. ಅಲ್ಲಿಗೆ ಬಂದುಹೋದವರಿಗಿಂತ ಅಲ್ಲೇ ಬೆಳೆದವರು ಅದನ್ನು ನೆನೆಯುವ ರೀತಿ ನನ್ನನ್ನು ಹೆಚ್ಚು ಕಾಡಿದೆ. ಬೇಸಿಗೆಯುದ್ದಕ್ಕೂ ಜಾತ್ರೆ ನಡೆಯುವ ಊರು ಅದು. ಜಾತ್ರೆಗೆ ಬಂದವರು ದೀಪದ ಸಾಲು ನೋಡಿ ಮನೆಗೆ ಹೋಗುತ್ತಾರೆ. ಊರಿನ ಮಕ್ಕಳು ಹಾಗಲ್ಲ. ಗುಡಾರ ಬಿಚ್ಚುವುದನ್ನೂ ಅವರೇ ನೋಡಬೇಕು, ಆಮೇಲಿನ ಬಿಕೋ ಎನ್ನುವ ತಿಂಗಳುಗಳನ್ನೂ ಅವರೇ ಕಳೆಯಬೇಕು.

'ಕ್ಯಾಚ್-22' ಬರೆದ ಜೋಸೆಫ್ ಹೆಲರ್ ಅಂಥ ಒಬ್ಬ ಹುಡುಗ. ಹುಟ್ಟಿದ್ದು 1923ರ ಮೇ ತಿಂಗಳಲ್ಲಿ. ಅದೇ ತಿಂಗಳು ಅಲ್ಲಿನ ಬೋರ್ಡ್‌ವಾಕ್, ಅಂದರೆ ಮರಳಿನ ಮೇಲೆ ಕಂಬ ನೆಟ್ಟು ಹಲಗೆ ಹಾಸಿದ ವಿಶಾಲವಾದ ದಾರಿ, ಜನರಿಗೆ ತೆರೆಯಿತು. ರಷ್ಯಾದಿಂದ ವಲಸೆ ಬಂದ ಯಹೂದಿ ಮನೆತನ. ಎಳವೆಯಲ್ಲೇ ತಂದೆ ತೀರಿಕೊಂಡರು. ಸಾಯುವ ಹಿಂದಿನ ವರ್ಷ, 1998ರಲ್ಲಿ, ಹೆಲರ್ ತಮ್ಮ ಬಾಲ್ಯದ ಊರನ್ನು ನೆನೆದು 'ನೌ ಅಂಡ್ ದೆನ್' ಎಂಬ ಪುಸ್ತಕ ಪ್ರಕಟಿಸಿದರು.

ಆ ಊರಿನ ಮಕ್ಕಳ ಜಾಣತನ ನೋಡಿ. ಸ್ಟೀಪಲ್‌ಚೇಸ್ ಎಂಬ ಮನರಂಜನೆಯ ಪಾರ್ಕಿನಲ್ಲಿ ಒಂದೇ ಟಿಕೆಟ್ಟಿಗೆ ಹತ್ತಾರು ಆಟ. ಒಂದೊಂದು ಆಟ ಮುಗಿದಂತೆ ಟಿಕೆಟ್ಟಿಗೆ ಒಂದೊಂದು ತೂತು. ದಣಿದ ದೊಡ್ಡವರು ಎಲ್ಲ ಆಟವನ್ನೂ ಆಡಿ ಮುಗಿಸುವುದುಂಟೇ? ಬಾಗಿಲಲ್ಲಿ ಕಾದು ನಿಂತ ಹುಡುಗರು ಮನೆಗೆ ಹೊರಟವರ ಹತ್ತಿರ ಉಳಿದ ಟಿಕೆಟ್ ಕೇಳಿ ಪಡೆಯುತ್ತಿದ್ದರು. ಥಂಡರ್‌ಬೋಲ್ಟ್, ಟೊರ್ನೆಡೊ, ಸೈಕ್ಲೋನ್ ಎಂಬ ಮೂರು ರೋಲರ್ ಕೋಸ್ಟರ್‌ಗಳು 1925ರಿಂದ 1927ರ ಒಳಗೆ ಒಂದರ ಹಿಂದೆ ಒಂದು ಬಂದವು. ಯಾವುದಕ್ಕೆ ಕಾಸು ಹಾಕಬಹುದು, ಯಾವುದಕ್ಕೆ ದಂಡ ಎಂಬುದು ಊರಿನ ಹುಡುಗರಿಗೆ ಬಾಯಿಪಾಠ.

ಆದರೆ ಬೋರ್ಡ್‌ವಾಕಿಗೆ ಟಿಕೆಟ್ ಇರಲಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅದಕ್ಕೆ ಮುಂಚೆ ಕಡಲಿಗೇ ಟಿಕೆಟ್ ಇತ್ತು. ದಂಡೆಯ ಬಹುಪಾಲು ಸ್ನಾನಗೃಹಗಳ ಮಾಲೀಕರ ಕೈಯಲ್ಲಿತ್ತು, ಬೇಲಿಗಳು ನೀರಿನವರೆಗೂ ಇಳಿದಿದ್ದವು. ಕಾಸು ಕೊಟ್ಟವರಿಗೆ ಅಲೆ, ಕೊಡದವರಿಗೆ ಬೇಲಿ. 1920ರಲ್ಲಿ ಸಬ್‌ವೇ ರೈಲು ಅಲ್ಲಿಗೆ ಬಂತು. ಐದು ಸೆಂಟ್ ಕೊಟ್ಟರೆ ಮ್ಯಾನ್‌ಹಾಟನ್ನಿನ ಇಕ್ಕಟ್ಟಿನ ಮನೆಗಳಿಂದ ಯಾರು ಬೇಕಾದರೂ ಕಡಲಿಗೆ ಬರಬಹುದಾಯಿತು. ಅಷ್ಟು ಜನ ಬಂದಿಳಿದ ಮೇಲೆ ಬೇಲಿಗೆ ಏನು ಅರ್ಥ? ನಗರಾಡಳಿತ ದಂಡೆಯನ್ನು ವಶಕ್ಕೆ ತೆಗೆದುಕೊಂಡು, ಕಡಲ ತಳದ ಮರಳನ್ನು ಎತ್ತಿ ಹಾಕಿ ಅಗಲಗೊಳಿಸಿ, 80 ಅಡಿ ಅಗಲದ ಹಲಗೆದಾರಿ ಹಾಕಿತು. ಬಡವರ ಮನೆಯ ಮಗುವೂ ಎದೆ ಸೆಟೆಸಿ ನಡೆಯಬಹುದಾದ ದಾರಿ.

ಟಿಕೆಟ್ಟಿನ ಲೋಕವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಇದೇ ಊರಿನಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಗಾಜಿನ ಇನ್‌ಕ್ಯುಬೇಟರ್‌ಗಳಲ್ಲಿ ಇಟ್ಟು ಜನರಿಗೆ ತೋರಿಸುತ್ತಿದ್ದ. ಹೆತ್ತವರಿಂದ ಕಾಸು ಮುಟ್ಟುತ್ತಿರಲಿಲ್ಲ. ನೋಡುಗರ ಟಿಕೆಟ್ ದುಡ್ಡಿನಲ್ಲೇ ಆರೈಕೆ ನಡೆಯುತ್ತಿತ್ತು. ಆಸ್ಪತ್ರೆಗಳು ಇಂಥ ಶಿಶುಗಳ ಆಸೆ ಬಿಡುತ್ತಿದ್ದ ಕಾಲದಲ್ಲಿ ಅಲ್ಲಿ ಸಾವಿರಾರು ಮಕ್ಕಳು ಬದುಕಿದರು. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಸೆಪ್ಟೆಂಬರ್ ಕಳೆಯಿತೆಂದರೆ ಆಟಗಳು ಮುಚ್ಚುತ್ತಿದ್ದವು, ಅಂಗಡಿಗಳ ಬಾಗಿಲು ಬೀಳುತ್ತಿತ್ತು. ಆಗ ಹಲಗೆದಾರಿ ಪೂರ್ತಿ ಊರಿನವರದು. ದಪ್ಪ ಕೋಟು ತೊಟ್ಟ ಮುದುಕರು ಬೆಂಚುಗಳಲ್ಲಿ ಎಳೆಬಿಸಿಲಿಗೆ ಮುಖವೊಡ್ಡಿ ಯಿಡ್ಡಿಷ್‌ನಲ್ಲಿ ಹರಟುತ್ತಿದ್ದರು. ನಿಜವಾದ ಕೋನಿ ಐಲೆಂಡ್ ಇದೇ ಎಂದು ನನಗೆ ಅನ್ನಿಸುತ್ತದೆ.

ಸ್ಟೀಪಲ್‌ಚೇಸ್ 1964ರಲ್ಲಿ ಮುಚ್ಚಿತು. ಕೊಂಡುಕೊಂಡ ಫ್ರೆಡ್ ಟ್ರಂಪ್ 1966ರಲ್ಲಿ ಅದನ್ನು ಕೆಡವುವಾಗ ಅತಿಥಿಗಳನ್ನು ಕರೆದು, ಗಾಜಿನ ಮಂಟಪಕ್ಕೆ ಇಟ್ಟಿಗೆ ಎಸೆಯುವ ಸಂತೋಷಕೂಟ ನಡೆಸಿದರು. ಒಂದು ಊರಿನ ಮಕ್ಕಳ ನೆನಪಿನ ಮೇಲೆ ನಗುನಗುತ್ತಾ ಕಲ್ಲು ಹೊಡೆದದ್ದನ್ನು ನಾನು ಕ್ಷಮಿಸಲಾರೆ. ಸೈಕ್ಲೋನ್ ಉಳಿಯಿತು, 1920ರ ವಂಡರ್ ವೀಲ್ ಎಂಬ ದೈತ್ಯ ತಿರುಗುಚಕ್ರ ಉಳಿಯಿತು, ಧುಮುಕುವ ಆಟ ನಿಂತರೂ ಪ್ಯಾರಾಶೂಟ್ ಗೋಪುರವೂ ಉಳಿಯಿತು.

ಹಲಗೆದಾರಿಯ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಉಷ್ಣವಲಯದ ಕಾಡುಗಳ ಗಟ್ಟಿಮರ ಇನ್ನು ಬೇಡವೆಂದು ನಗರಾಡಳಿತ ಕೆಲವು ಕಡೆ ಕಾಂಕ್ರೀಟ್ ಹಾಕಿತು. ಊರಿನವರು ಮರವೇ ಬೇಕೆಂದು ಪಟ್ಟು ಹಿಡಿದರು. 2018ರಲ್ಲಿ ಬೋರ್ಡ್‌ವಾಕಿಗೆ ಸಂರಕ್ಷಿತ ತಾಣದ ಮಾನ್ಯತೆ ಸಿಕ್ಕಿತು. ಕಾಡು ಉಳಿಯಲಿ ಎನ್ನುವವರದು ನ್ಯಾಯವಾದ ಮಾತು. ಕಾಲಡಿಯ ಹಲಗೆಯ ಸದ್ದು ಕೇಳಿಯೇ ಬೆಳೆದವರದೂ ನ್ಯಾಯವಾದ ಮಾತು. ಆದರೆ ಇಬ್ಬರಲ್ಲಿ ಯಾರೂ ಅಲ್ಲಿ ಮತ್ತೆ ಬೇಲಿ ಹಾಕಬೇಕೆಂದು ಕೇಳುತ್ತಿಲ್ಲ.