ಹತ್ತು ಅಂಗಳದ ಹೂವು

ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಊರಿಗೆ ಹೊರಟ ಮರಿಯ ಮತ್ತು ಜೋಸೆಫರಿಗೆ, ಹನ್ನೆರಡು ವರ್ಷದ ಮಗ ಯೇಸು ಜೊತೆಗಿಲ್ಲವೆಂದು ತಿಳಿದದ್ದು ಒಂದು ಹಗಲಿನ ದಾರಿ ಸವೆದ ಮೇಲೆ. ಲೂಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ಅಷ್ಟು ಹೊತ್ತು ಮಗನನ್ನು ವಿಚಾರಿಸಲಿಲ್ಲವೇ ಎಂದು ಇಂದಿನ ತಾಯಂದಿರಿಗೆ ಗಾಬರಿಯಾಗಬಹುದು. ಮರಿಯ, ಜೋಸೆಫರೇನೂ ಮೈಮರೆತಿರಲಿಲ್ಲ. ನೆಂಟರು, ಊರವರು ಒಟ್ಟಾಗಿ ನಡೆಯುತ್ತಿದ್ದ ಗುಂಪದು. ಅವರಲ್ಲಿ ಯಾರ ಜೊತೆಗೋ ಇದ್ದಾನೆ ಎಂಬ ಧೈರ್ಯ. ಯೇಸುವೂ ಊರವರ ಕಣ್ಣಳತೆಯಲ್ಲಿ ಬೆಳೆದವನು ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬೆಳುವಾಯಿಯಂಥ ಊರುಗಳಲ್ಲಿ ಆ ಧೈರ್ಯ ಇನ್ನೂ ಉಳಿದಿದೆ. ಸೆಪ್ಟೆಂಬರ್ 8 ಮರಿಯ ಮಾತೆಯ ಜನ್ಮದಿನ, ಕರಾವಳಿಯ ಕೆಥೊಲಿಕರಿಗೆ ಮೊಂತಿ ಫೆಸ್ತ್, ತೆನೆಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ. ಮಕ್ಕಳು ದಿನವೂ ಇಗರ್ಜಿಗೆ ಹೂ ಒಯ್ದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಒಂಬತ್ತು ದಿನಕ್ಕೆ ಸಾಲುವಷ್ಟು ಹೂ ಒಂದೇ ಅಂಗಳದಲ್ಲಿ ಎಲ್ಲಿರುತ್ತದೆ? ಮಗು ಬುಟ್ಟಿ ಹಿಡಿದು ನೆರೆಮನೆಗೆ ಹೋಗುತ್ತದೆ. ಆ ಮನೆ ಬಂಟರದೋ ಬಿಲ್ಲವರದೋ ಜೈನರದೋ ಆಗಿರಬಹುದು. ಅಲ್ಲಿಯ ಅಜ್ಜಿ ದಾಸವಾಳದ ಗೆಲ್ಲು ಬಗ್ಗಿಸಿ ಕೊಡುತ್ತಾ, ಅಪ್ಪನ ಫೋನ್ ಬಂತಾ, ಕಾಲಿಗೆ ಏನು ಪೆಟ್ಟಾಯಿತು, ಅಮ್ಮನ ಜ್ವರ ಬಿಟ್ಟಿತಾ ಎಂದು ಕೇಳುತ್ತಾರೆ. ಅಪ್ಪ ಗಲ್ಫಿನಲ್ಲಿ ದುಡಿಯುವ ಮನೆಯ ಮಗುವಿಗೆ ಈ ವಿಚಾರಣೆ ಎಷ್ಟು ದೊಡ್ಡ ಆಸರೆ! ಹಬ್ಬದ ದಿನ ಇಗರ್ಜಿಯಲ್ಲಿ ಮಕ್ಕಳ ಕೈಗೆ ಕಬ್ಬು, ಮನೆಯಲ್ಲಿ ಹೊಸ ಅಕ್ಕಿಯ ಊಟ. ಆ ಮಗುವಿನ ಹಬ್ಬದಲ್ಲಿ ನೆರೆಮನೆಯ ಅಜ್ಜಿಯ ಪಾಲೂ ಇದೆ.

ಆದರೆ ಊರಿದೆ ಎಂದು ಹೆತ್ತವರು ಕೈಬಿಡುವಂತಿಲ್ಲ. ಮರಿಯ, ಜೋಸೆಫ್ ಬಂದ ದಾರಿಯಲ್ಲೇ ಹಿಂದಿರುಗಿದರು, ಮೂರು ದಿನಗಳ ಬಳಿಕ ಮಗನನ್ನು ದೇವಾಲಯದಲ್ಲಿ ಕಂಡರು. ಅವನು ಬೋಧಕರ ನಡುವೆ ಕುಳಿತು ಕೇಳುತ್ತಿದ್ದ, ಪ್ರಶ್ನೆಯನ್ನೂ ಹಾಕುತ್ತಿದ್ದ. ಹುಡುಗನ ಬಾಯಿ ಮುಚ್ಚಿಸದ ಆ ಹಿರಿಯರು ನನಗೆ ಮೆಚ್ಚುಗೆ. ನಮ್ಮ ಧರ್ಮಶಿಕ್ಷಣದ ತರಗತಿಗಳಲ್ಲಿ ಮಕ್ಕಳಿಗೆ ಅಷ್ಟು ಸಲಿಗೆ ಸಿಗಬೇಕು. ಇಂಥವರನ್ನು ಕಂಡರೆ ಭಯವಾಗುತ್ತದೆ ಎಂದು ಮಗು ಹೇಳಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಇಗರ್ಜಿಯವರೇ ಆಗಿರಲಿ, ಮೊದಲು ಮಗುವಿನ ಮಾತನ್ನು ನಂಬಬೇಕು. ಸಭೆಯ ಮರ್ಯಾದೆಯ ಚಿಂತೆ ಆಮೇಲೆ.

ದೀಕ್ಷಾಸ್ನಾನದ ದಿನ ಧರ್ಮಗುರುಗಳು ಧರ್ಮತಂದೆ, ಧರ್ಮತಾಯಿಯನ್ನೂ ಕೇಳುತ್ತಾರೆ, ಈ ಮಗುವನ್ನು ಬೆಳೆಸಲು ಹೆತ್ತವರಿಗೆ ನೆರವಾಗುತ್ತೀರಾ ಎಂದು. ಧರ್ಮತಂದೆ, ಧರ್ಮತಾಯಿಯರೇ, ಎಲ್ಲರೆದುರು ಹೌದು ಎಂದವರು ನೀವು. ಆ ಮಗು ಈಗ ಎಷ್ಟನೇ ಕ್ಲಾಸು, ಅದರ ಗೆಳೆಯರು ಯಾರು, ಅದಕ್ಕೆ ಯಾವುದರ ಹೆದರಿಕೆ ಎಂಬುದು ನಿಮಗೆ ತಿಳಿಯದಿದ್ದರೆ, ಈ ಭಾನುವಾರ ಪೂಜೆ ಮುಗಿದ ಮೇಲೆ ಅವರ ಮನೆಗೊಮ್ಮೆ ಹೋಗಿ ಬನ್ನಿ.